ಕೂಟಲೇಖವೂ ಕಾಲ್ಚೆಂಡಾಟದ ಹಸ್ತಾಕ್ಷರವೂ

ವ್ಯಾಪಾರಸ್ಥರ ಮನೆಯಲ್ಲಿ ಹುಟ್ಟಿದವನಿಗೆ ಸಹಿಯ ಬೆಲೆಯನ್ನು ಯಾರೂ ಪ್ರತ್ಯೇಕವಾಗಿ ಹೇಳಿಕೊಡಬೇಕಾಗಿಲ್ಲ. ನಮ್ಮ ಹಿರಿಯರ ಕಾಲದಲ್ಲಿ ಹುಂಡಿಯ ಮೇಲಿನ ರುಜುವೊಂದನ್ನೇ ನಂಬಿ ಪರಊರಿನ ಪೇಟೆಯಲ್ಲಿ ಹಣ ಎಣಿಸಿ ಕೊಡುತ್ತಿದ್ದರು. ಬಿ.ಕಾಂ. ತರಗತಿಯಲ್ಲಿ, ಖೋಟಾ ರುಜುವಿನಿಂದ ಯಾರಿಗೂ ಹಕ್ಕು ಹುಟ್ಟದು ಎಂದು ಓದಿದಾಗ ಅದು ನನಗೆ ಹೊಸ ಮಾತೆನಿಸಲಿಲ್ಲ. ಆದರೆ ಹಣದ ಹೊಣೆಯೇ ಇಲ್ಲದ, ಕೇವಲ ನೆನಪಿಗಾಗಿ ಹಾಕಿಸಿಕೊಂಡ ಸಹಿಯಲ್ಲಿಯೂ ಇದೇ ಪ್ರಶ್ನೆ ಏಳುತ್ತದೆಂಬುದನ್ನು ತಿಳಿದದ್ದು ನನ್ನ ಮೊಮ್ಮಗನಿಂದ. ಹದಿನಾಲ್ಕು ವರ್ಷದ ಈ ಹುಡುಗ ವಿದೇಶದ ಕಾಲ್ಚೆಂಡು ಆಟಗಾರರ ಹಸ್ತಾಕ್ಷರಗಳನ್ನು ಸಂಗ್ರಹಿಸುತ್ತಾನೆ.

ಇದರಲ್ಲಿ ಜರ್ಮನಿಯ ಕ್ಲಬ್ಬುಗಳ ಪದ್ಧತಿ ನನಗೆ ಬಹಳ ಹಿಡಿಸಿತು. ಅಲ್ಲಿ ಆಟಗಾರರ ಭಾವಚಿತ್ರವುಳ್ಳ ಕಾರ್ಡುಗಳನ್ನು ಕ್ಲಬ್ಬುಗಳೇ ಅಚ್ಚು ಹಾಕಿಸುತ್ತವೆ. ಅಭಿಮಾನಿಗಳು ಬರೆದು ಕೇಳಿದರೆ ಸಹಿಯೊಡನೆ ಕಳುಹಿಸುವ ರೂಢಿಯಿದೆ. ಕೇಳುವವನು ತನ್ನ ವಿಳಾಸ ಬರೆದ, ಅಂಚೆಚೀಟಿ ಅಂಟಿಸಿದ ಲಕೋಟೆಯನ್ನು ಜೊತೆಗಿಡಬೇಕು. ತೊಡಕಿರುವುದು ಇಲ್ಲಿಯೇ, ಏಕೆಂದರೆ ನಮ್ಮ ಅಂಚೆಚೀಟಿ ಅಲ್ಲಿ ನಡೆಯದು. ಈ ತೊಡಕನ್ನು ನೀಗಲೆಂದೇ 1906ರಲ್ಲಿ ರೋಮ್ ನಗರದ ಅಂಚೆ ಮಹಾಸಭೆಯು ಅಂತಾರಾಷ್ಟ್ರೀಯ ಉತ್ತರ ಕೂಪನ್ನನ್ನು ಜಾರಿಗೆ ತಂದಿತ್ತು. ಒಂದು ದೇಶದಲ್ಲಿ ಕೊಂಡ ಕೂಪನ್ನಿಗೆ ಬದಲಾಗಿ ಇನ್ನೊಂದು ದೇಶದಲ್ಲಿ ಚೀಟಿ ಪಡೆಯಬಹುದು. ಒಂದು ಬಗೆಯ ಹುಂಡಿಯೇ ಅನ್ನಿ. ಬ್ರಿಟನ್ನಿನ ಅಂಚೆಯವರು 2011ರ ಅಂತ್ಯಕ್ಕೆ ಅದರ ಮಾರಾಟವನ್ನು ನಿಲ್ಲಿಸಿಬಿಟ್ಟರು. ನಮ್ಮ ಹುಡುಗನಿಗೆ ಜರ್ಮನಿಯಲ್ಲಿರುವ ಬಂಧುಗಳೊಬ್ಬರು ಅಲ್ಲಿಯ ಚೀಟಿಗಳನ್ನೇ ಕಳುಹಿಸಿಕೊಟ್ಟರು. ಪತ್ರವನ್ನು ತನ್ನ ಕೈಯಿಂದಲೇ ಬರೆಯುತ್ತಾನೆ. ನಾಲ್ಕು ಸಾಲು ಮೀರುವುದಿಲ್ಲ. ಒಂದೇ ಕಾರ್ಡು ಕೇಳುತ್ತಾನೆ. ಹತ್ತು ಕೇಳಿದವನು ಮಾರುವವನೆಂದು ಅವರು ಶಂಕಿಸಿದರೆ ಅದು ಅವರ ತಪ್ಪಲ್ಲ.

ತಿಂಗಳುಗಟ್ಟಲೆ ಕಾದ ಮೇಲೆ ಬಂದದ್ದೆಲ್ಲ ಅಸಲಿಯೆಂದು ಹೇಳಲಾಗದು. ಕೆಲವು ಕಾರ್ಡುಗಳಲ್ಲಿ ಚಿತ್ರದೊಡನೆ ಸಹಿಯೂ ಅಚ್ಚಾಗಿರುತ್ತದೆ. ಭೂತಗನ್ನಡಿಯಲ್ಲಿ ನೋಡಿದರೆ ಅಚ್ಚಿನ ಸಣ್ಣ ಚುಕ್ಕೆಗಳು ಕಾಣಿಸುತ್ತವೆ. ಬೆಳಕಿಗೆ ಓರೆಯಾಗಿ ಹಿಡಿದರೆ ಶಾಯಿಗೆ ಬೇರೆಯದೇ ಹೊಳಪು ಇರುವುದಿಲ್ಲ. ಯಂತ್ರದಿಂದ ಹಾಕಿದ ಸಹಿ ಇದಕ್ಕಿಂತ ಕಠಿಣ. ಅಲ್ಲಿ ಶಾಯಿ ನಿಜವಾದುದೇ, ಪೆನ್ನೂ ನಿಜವಾದುದೇ. ಅಂಥ ಎರಡು ಪ್ರತಿಗಳನ್ನು ಒಂದರ ಮೇಲೊಂದಿಟ್ಟರೆ ಕೂದಲೆಳೆಯಷ್ಟೂ ವ್ಯತ್ಯಾಸವಿರದು. ಮನುಷ್ಯನ ಕೈ ಎರಡು ಸಲ ಹಾಗೆ ಬರೆಯಲಾರದು. ತಂಡದ ಎಲ್ಲರ ಸಹಿಯಿರುವ ಚೆಂಡೆಂದರೆ ಇನ್ನೂ ಎಚ್ಚರ ಬೇಕು. ಗೈರುಹಾಜರಾದವನ ಹೆಸರನ್ನು ಜೊತೆಗಾರನೋ ಸಾಮಗ್ರಿ ನೋಡಿಕೊಳ್ಳುವವನೋ ಬರೆದಿರಬಹುದು.

ಬೆಲೆ ಏರಿದಂತೆ ಖೋಟಾ ಹೆಚ್ಚುವುದು ಪೇಟೆಯ ನಿಯಮ. ಮ್ಯಾಂಚೆಸ್ಟರ್ ಯುನೈಟೆಡ್ ತಂಡದ ಡಂಕನ್ ಎಡ್ವರ್ಡ್ಸ್, 1958ರ ಫೆಬ್ರವರಿ 6ರ ಮ್ಯೂನಿಕ್ ವಿಮಾನ ದುರಂತದಲ್ಲಿ ಗಾಯಗೊಂಡು ಹದಿನೈದು ದಿನಗಳ ಮೇಲೆ ತೀರಿಕೊಂಡಾಗ ಅವನಿಗೆ ಕೇವಲ 21 ವರ್ಷ. ಆದುದರಿಂದ ಅವನ ಸಹಿ ವಿರಳ. ಅದು ನಾರುತುದಿಯ ಸ್ಕೆಚ್ ಪೆನ್ನಿನಲ್ಲಿದ್ದರೆ ಮುಂದೆ ಪರೀಕ್ಷಿಸುವ ಅಗತ್ಯವೇ ಇಲ್ಲ. ಅಂಥ ಪೆನ್ನು ಪೇಟೆಗೆ ಬಂದದ್ದೇ 1960ರ ದಶಕದಲ್ಲಿ. ಅಮೆರಿಕದ ಎಫ್.ಬಿ.ಐ. 1990ರ ದಶಕದಲ್ಲಿ ಆರಂಭಿಸಿದ 'ಆಪರೇಷನ್ ಬುಲ್‌ಪೆನ್' ತನಿಖೆಯಲ್ಲಿ ಮದರ್ ತೆರೇಸಾ ಅವರ ಖೋಟಾ ಸಹಿಯಿದ್ದ ಬೇಸ್‌ಬಾಲ್ ಚೆಂಡುಗಳೂ ಸಿಕ್ಕವಂತೆ! ಆ ಪುಣ್ಯಾತ್ಮಳಿಗೂ ಚೆಂಡಿಗೂ ಏನು ಸಂಬಂಧವೆಂದು ಕೊಳ್ಳುವವರು ಕೇಳಲಿಲ್ಲವೇಕೋ ತಿಳಿಯದು.

ಇದಕ್ಕೆ ವಿರುದ್ಧವಾದ ಪ್ರಸಂಗವೊಂದುಂಟು. 2000ದ ಡಿಸೆಂಬರ್ 14ರಂದು ಬಾರ್ಸಿಲೋನಾ ಕ್ಲಬ್ಬಿನ ಕಾರ್ಲೆಸ್ ರೆಕ್ಸಾಕ್ ಅವರು, ಹದಿಮೂರು ವರ್ಷದ ಲಿಯೊನೆಲ್ ಮೆಸ್ಸಿಯನ್ನು ಸೇರಿಸಿಕೊಳ್ಳುವುದಾಗಿ ಒಂದು ಕಾಗದದ ಕರವಸ್ತ್ರದ ಮೇಲೆ ಬರೆದು ಸಹಿ ಹಾಕಿದರು. 2024ರ ಮೇ ತಿಂಗಳಲ್ಲಿ ಬಾನ್‌ಹಮ್ಸ್ ಹರಾಜಿನಲ್ಲಿ ಅದಕ್ಕೆ 7,62,400 ಪೌಂಡು ಬಂದಿತು. ಕಾಗದ ಕೈ ಒರೆಸಿ ಬಿಸಾಡುವಂಥದು. ಬೆಲೆ ಬಂದದ್ದು ಕೊಟ್ಟ ಮಾತನ್ನು ಉಳಿಸಿಕೊಂಡ ಸಹಿಗೆ.

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವನ್ನು ಸ್ವಾಧ್ಯಾಯ ಮಾಡಿದವರಿಗೆ ಈ ವಿಷಯ ಅಪರಿಚಿತವಲ್ಲ. ಸತ್ಯಾಣುವ್ರತದ ಐದು ಅತಿಚಾರಗಳಲ್ಲಿ ಕೂಟಲೇಖಕ್ರಿಯೆ ಒಂದು. ಅಚೌರ್ಯಾಣುವ್ರತದ ಐದರಲ್ಲಿ ಪ್ರತಿರೂಪಕ ವ್ಯವಹಾರ ಒಂದು. ಇನ್ನೊಬ್ಬನು ಹೇಳದ, ಮಾಡದ ಸಂಗತಿಯನ್ನು ಅವನದೆಂದು ವಂಚನೆಗಾಗಿ ಬರೆಯುವುದು ಮೊದಲನೆಯದು. ಕೃತಕ ಚಿನ್ನದಂಥ ವಸ್ತುವನ್ನು ಮೋಸದಿಂದ ನಡೆಸುವುದು ಎರಡನೆಯದು. ಪೂಜ್ಯಪಾದರು ಎರಡು ಕಡೆಯೂ ವಂಚನೆ ಎಂಬ ಅಂಶವನ್ನು ಸೇರಿಸಿಯೇ ವಿವರಿಸಿದ್ದಾರೆ. ಇದು ಗಮನಾರ್ಹ. ಅಚ್ಚಿನ ಸಹಿಯನ್ನು ಅಚ್ಚಿನದೆಂದು ತಿಳಿಸಿ ಉಚಿತವಾಗಿ ಕಳುಹಿಸುವ ಕ್ಲಬ್ಬು ದೋಷಿಯಲ್ಲ. ಸಹಿಯನ್ನು ತಿದ್ದಿದವನು ಒಂದು ವ್ರತಕ್ಕೆ ದೂರವಾದರೆ, ತಿಳಿದೂ ಮಾರಿದವನು ಇನ್ನೊಂದಕ್ಕೆ ದೂರನಾದನು.

ಇದು ಕೇವಲ ಗ್ರಂಥದ ಮಾತಾಗಿ ಉಳಿಯಲಿಲ್ಲ. ಹುಡುಗನ ಹುಟ್ಟುಹಬ್ಬಕ್ಕೆ ನನ್ನ ಅಳಿಯಂದಿರು ಪೆಲೆಯ ಸಹಿಯಿರುವ ಚಿತ್ರವೊಂದನ್ನು ಪ್ರಮಾಣಪತ್ರ ಸಹಿತ ಮಾರಾಟಗಾರನೊಬ್ಬನಿಂದ ತರಿಸಿಕೊಟ್ಟಿದ್ದರು. ಇನ್ನೊಂದು ಮಾರಾಟಪಟ್ಟಿಯಲ್ಲಿದ್ದ ಅದೇ ಚಿತ್ರದ ಸಹಿಯೊಡನೆ ಹುಡುಗ ಅದನ್ನು ಹೋಲಿಸಿದಾಗ ಗೆರೆಗೆ ಗೆರೆ ಕೂಡಿತು. ಮಾರಾಟಗಾರನು ಪತ್ರಕ್ಕೆ ಉತ್ತರಿಸಲಿಲ್ಲ. ಅಷ್ಟರಲ್ಲಿ ಸಹಪಾಠಿಯೊಬ್ಬ ಅದನ್ನು ಪೂರ್ಣ ಬೆಲೆಗೆ ಕೊಳ್ಳಲು ಮುಂದೆ ಬಂದ.

"ಪ್ರಮಾಣಪತ್ರವನ್ನೂ ಜೊತೆಗೆ ಕೊಡುತ್ತೇವಲ್ಲ ಮಾವ, ನಾವು ಸುಳ್ಳು ಹೇಳಿದಂತೆ ಹೇಗಾಯಿತು? ಬಂದದ್ದನ್ನು ಬಂದಂತೆಯೇ ಕೊಡುತ್ತೇವೆ" ಎಂದರು ಅಳಿಯಂದಿರು. ಅವರೂ ವ್ಯಾಪಾರಿಗಳೇ, ವಾದ ಜಾಣತನದ್ದು. ಪ್ರಮಾಣಪತ್ರದ ಯೋಗ್ಯತೆ ಅದನ್ನು ಬರೆದವನ ಯೋಗ್ಯತೆಯಷ್ಟೇ. ಬಂದಾಗ ನಮಗೆ ತಿಳಿಯದಿದ್ದ ಸಂಗತಿ, ಕೊಡುವಾಗ ತಿಳಿದಿರುತ್ತದೆ. ಆದುದರಿಂದ ಅದು ಬಂದಂತೆ ಕೊಟ್ಟದ್ದಾಗುವುದಿಲ್ಲ ಎಂದೆ. ಅಳಿಯಂದಿರು ಒಪ್ಪಿದರೋ ಸುಮ್ಮನಾದರೋ ಹೇಳಲಾರೆ.

ಹುಡುಗ ಮಾತ್ರ ಗೆಳೆಯನಿಗೆ ಇದ್ದದ್ದನ್ನು ಇದ್ದಂತೆ ಹೇಳಿದ. ಆತನಿಗೆ ಹೇಗಾದರೂ ಪೆಲೆಯ ಚಿತ್ರ ಗೋಡೆಗೆ ಬೇಕಂತೆ. "ಬಿಟ್ಟಿ ಕೊಡಲೇ ಅಜ್ಜಾ?" ಎಂದು ಕೇಳಿದವನು, ನನ್ನ ಉತ್ತರಕ್ಕೂ ಕಾಯದೆ ಪ್ರಮಾಣಪತ್ರವನ್ನು ಹರಿದು ಹಾಕಿದ; ಚಿತ್ರದ ಮುಂಭಾಗದಲ್ಲಿಯೇ ಸಹಿಯ ಪಕ್ಕದಲ್ಲಿ, ಅಳಿಸಲಾಗದ ಶಾಯಿಯಲ್ಲಿ 'ನಕಲು' ಎಂದು ಬರೆದು, ಲಕೋಟೆಗೆ ಹಾಕಿ ಶಾಲೆಯ ಚೀಲದಲ್ಲಿಟ್ಟುಕೊಂಡ.