ಜಿಮ್ಮಿ ಸ್ಪಿಯರ್ಸ್ ಆಡಿದ ಆಟ

ಮುಂದೆ ಐವರು, ಅವರ ಹಿಂದೆ ಮೂವರು, ಕೊನೆಗೆ ಇಬ್ಬರು, ಗೋಲಿಗೊಬ್ಬ. ನೂರು ವರ್ಷಗಳ ಹಿಂದೆ ಫುಟ್ಬಾಲ್ ತಂಡ ನಿಲ್ಲುತ್ತಿದ್ದುದು ಹೀಗೆ. ಮುಂದಿನ ಐವರಲ್ಲಿ ಅಂಚಿನ ಇಬ್ಬರು ಓಡಬೇಕು, ನಟ್ಟನಡುವಿನವನು ಗೋಲು ಹೊಡೆಯಬೇಕು. ಇವರ ಮಧ್ಯೆ ಎಡಕ್ಕೊಬ್ಬ, ಬಲಕ್ಕೊಬ್ಬ ಇನ್‌ಸೈಡ್ ಫಾರ್ವರ್ಡ್. ಆಟದ ಬುದ್ಧಿಯೆಲ್ಲ ಇರುತ್ತಿದ್ದುದು ಈ ಇಬ್ಬರ ಕಾಲಲ್ಲಿ. ಚೆಂಡನ್ನು ಹಿಡಿದು ನಿಲ್ಲಿಸುವುದು, ಎದುರಾಳಿಯನ್ನು ತನ್ನತ್ತ ಸೆಳೆಯುವುದು, ಅವನು ಮೈಮೇಲೆ ಬರುವ ಹೊತ್ತಿಗೆ ಸರಿಯಾಗಿ ಪಕ್ಕದವನಿಗೆ ದಾಟಿಸುವುದು. ಆ ಜಾಗವೂ ಆ ಕಸುಬೂ ಇಂದು ಆಟದಲ್ಲಿಲ್ಲ. ಅದನ್ನು ನೆನೆದಾಗ ನನ್ನ ಮನಸ್ಸು ಆ ಜಾಗದಲ್ಲಿ ಆಡುತ್ತಿದ್ದ ಜಿಮ್ಮಿ ಸ್ಪಿಯರ್ಸ್ ಎಂಬ ಸ್ಕಾಟ್ಲೆಂಡಿನ ಆಟಗಾರನ ಬಳಿ ಹೋಗಿ ನಿಲ್ಲುತ್ತದೆ.

ಸ್ಪಿಯರ್ಸ್ ಹುಟ್ಟಿದ್ದು 1886ರಲ್ಲಿ, ಗ್ಲಾಸ್ಗೋದಲ್ಲಿ. ಇಂಗ್ಲೆಂಡಿನವರು ಚೆಂಡನ್ನು ಒಬ್ಬನೇ ಕಾಲಲ್ಲಿ ತಳ್ಳಿಕೊಂಡು ಓಡುವುದೇ ಆಟವೆಂದು ತಿಳಿದಿದ್ದ ಕಾಲದಲ್ಲಿ, ಒಬ್ಬರಿಂದೊಬ್ಬರಿಗೆ ದಾಟಿಸಿ ಆಡುವ ಬಗೆಯನ್ನು ಬೆಳೆಸಿದ್ದು ಆ ಊರಿನ ಕ್ವೀನ್ಸ್ ಪಾರ್ಕ್ ತಂಡ. ಅಂಥ ಊರಿನ ಹುಡುಗರಿಗೆ ಗಡಿಯಾಚೆ ಬೇಡಿಕೆ ಇದ್ದೇ ಇತ್ತು. ರೇಂಜರ್ಸ್ ತಂಡದಲ್ಲಿ ಪಳಗಿದ ಸ್ಪಿಯರ್ಸ್ 1908ರಲ್ಲಿ ವೇಲ್ಸ್ ವಿರುದ್ಧ ಸ್ಕಾಟ್ಲೆಂಡ್ ಪರವಾಗಿ ಆಡಿದರು. ದೇಶಕ್ಕಾಗಿ ಆಡಿದ್ದು ಅದೊಂದೇ ಪಂದ್ಯ. ಆಮೇಲೆ ಕ್ಲೈಡ್ ತಂಡಕ್ಕೆ ಆಡಿ, ಮರುವರ್ಷ ಇಂಗ್ಲೆಂಡಿನ ಉಣ್ಣೆ ಗಿರಣಿಗಳ ಊರಾದ ಬ್ರಾಡ್‌ಫರ್ಡಿಗೆ, ಅಲ್ಲಿನ ಬ್ರಾಡ್‌ಫರ್ಡ್ ಸಿಟಿ ತಂಡಕ್ಕೆ ಬಂದರು.

1911ರ ಏಪ್ರಿಲ್ 22. ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ ಮೈದಾನದಲ್ಲಿ ಎಫ್.ಎ. ಕಪ್ ಫೈನಲ್. ಎದುರಿಗೆ ಹಿಂದಿನ ವರ್ಷ ಕಪ್ ಗೆದ್ದಿದ್ದ ನ್ಯೂಕಾಸಲ್. ಬ್ರಾಡ್‌ಫರ್ಡ್ ಸಿಟಿಯ ನಾಯಕ ಸ್ಪಿಯರ್ಸ್. ಹನ್ನೊಂದು ಜನರಲ್ಲಿ ಎಂಟು ಮಂದಿ ಸ್ಕಾಟ್ಲೆಂಡಿನವರು. ಅಂದು ಗೋಲೇ ಬರಲಿಲ್ಲ. ನಾಲ್ಕು ದಿನ ಬಿಟ್ಟು ಮ್ಯಾಂಚೆಸ್ಟರಿನ ಓಲ್ಡ್ ಟ್ರಾಫರ್ಡಿನಲ್ಲಿ ಮತ್ತೆ ಆಡಿದರು. ಹದಿನೈದನೇ ನಿಮಿಷಕ್ಕೆ ಸ್ಪಿಯರ್ಸ್ ತಲೆ ಕೊಟ್ಟರು, ಚೆಂಡು ಗೋಲಿನೊಳಗೆ ಹೋಯಿತು. ಉಳಿದ ಎಪ್ಪತ್ತೈದು ನಿಮಿಷ ಆ ಒಂದು ಗೋಲನ್ನು ತಂಡ ಕಾಪಾಡಿಕೊಂಡಿತು. ಆ ವರ್ಷ ಹೊಸದಾಗಿ ಮಾಡಿಸಿದ್ದ ಕಪ್ಪನ್ನು ತಯಾರಿಸಿದ್ದು ಬ್ರಾಡ್‌ಫರ್ಡಿನದೇ ಫ್ಯಾಟೊರಿನಿ ಅಂಗಡಿ. ತಮ್ಮೂರಿನಲ್ಲಿ ರೂಪುಗೊಂಡ ಕಪ್ಪನ್ನು ಮೊದಲು ಎತ್ತಿದ್ದು ತಮ್ಮೂರಿನ ತಂಡದ ನಾಯಕ! ಕಲ್ಕತ್ತೆಯ ಮೋಹನ್ ಬಾಗಾನ್ ತಂಡ ಬಹುತೇಕ ಬರಿಗಾಲಲ್ಲಿ ಆಡಿ ಐ.ಎಫ್.ಎ. ಶೀಲ್ಡ್ ಗೆದ್ದದ್ದೂ ಅದೇ ವರ್ಷದ ಜುಲೈನಲ್ಲಿ. ನಮ್ಮಲ್ಲಿ ಆ ಗೆಲುವನ್ನು ಇನ್ನೂ ಹೇಳುತ್ತೇವೆ, ಹೇಳಲೇಬೇಕು. ಸ್ಪಿಯರ್ಸ್ ಹೆಸರನ್ನು ಬ್ರಾಡ್‌ಫರ್ಡಿನ ಆಚೆ ಎತ್ತುವವರು ತೀರಾ ಕಡಿಮೆ.

1912ರ ಕೊನೆಗೆ ಲೀಡ್ಸ್ ಸಿಟಿ 1,400 ಪೌಂಡ್ ತೆತ್ತು ಅವರನ್ನು ಕೊಂಡಿತು. ಕರೆಸಿಕೊಂಡವರು ಆ ತಂಡದ ಮ್ಯಾನೇಜರ್ ಹರ್ಬರ್ಟ್ ಚಾಪ್‌ಮನ್. ಮುಂದೆ, 1925ರಲ್ಲಿ ಆಫ್‌ಸೈಡ್ ನಿಯಮ ಬದಲಾದ ಮೇಲೆ, ಇದೇ ಚಾಪ್‌ಮನ್ ಆರ್ಸೆನಲ್ ತಂಡದಲ್ಲಿ ಇನ್‌ಸೈಡ್ ಫಾರ್ವರ್ಡ್‌ಗಳನ್ನು ಸಾಲಿನಿಂದ ಹಿಂದಕ್ಕೆ ಎಳೆದು ನಿಲ್ಲಿಸಿದರು. ಐವರ ಸಾಲು ಅಲ್ಲಿಂದ ಒಡೆಯಿತು. ಆ ಹೊಸ ಆಟ ಗೆಲುವು ತಂದಿತು, ಅದನ್ನು ಅಲ್ಲಗಳೆಯಲಾರೆ. ಆದರೆ ಸ್ಪಿಯರ್ಸ್ ಕಲಿತಿದ್ದ ಕೆಲಸ ಚೂರುಚೂರಾಗಿ ಬೇರೆಯವರಿಗೆ ಹಂಚಿಹೋಯಿತು.

ಅದನ್ನು ನೋಡಲು ಸ್ಪಿಯರ್ಸ್ ಇರಲಿಲ್ಲ. ಮೊದಲ ಮಹಾಯುದ್ಧದ ನಡುವೆ, 1915ರ ಮೇ ತಿಂಗಳಲ್ಲಿ, ಸೇನೆಗೆ ಕಡ್ಡಾಯ ಭರ್ತಿ ಇನ್ನೂ ಬಂದಿರದ ದಿನಗಳಲ್ಲಿ, ಹೆಂಡತಿಯನ್ನೂ ಇಬ್ಬರು ಮಕ್ಕಳನ್ನೂ ಮನೆಯಲ್ಲಿ ಬಿಟ್ಟು ಕ್ಯಾಮರನ್ ಹೈಲ್ಯಾಂಡರ್ಸ್ ದಳ ಸೇರಿದರು. ಸಾರ್ಜೆಂಟ್ ಆದರು, ಧೈರ್ಯಕ್ಕೆ ಮಿಲಿಟರಿ ಮೆಡಲ್ ಪಡೆದರು. 1917ರ ಆಗಸ್ಟ್ 20ರಂದು ಬೆಲ್ಜಿಯಮ್ಮಿನ ಪಾಶಂಡೇಲ್ ಕದನದಲ್ಲಿ ಮಡಿದಾಗ ಮೂವತ್ತೊಂದು ವರ್ಷ.

ಅದಾಗಿ ಎರಡು ವರ್ಷಕ್ಕೆ, ಯುದ್ಧಕಾಲದಲ್ಲಿ ಆಟಗಾರರಿಗೆ ನಿಯಮ ಮೀರಿ ಹಣ ಕೊಟ್ಟ ಆರೋಪದ ಮೇಲೆ ಲೀಡ್ಸ್ ಸಿಟಿಯನ್ನು ಲೀಗಿನಿಂದ ಹೊರಹಾಕಿ, ಆಟಗಾರರನ್ನು ಹೋಟೆಲೊಂದರಲ್ಲಿ ಹರಾಜಿಗಿಟ್ಟರು. ಕ್ರಿಸ್ಟಲ್ ಪ್ಯಾಲೇಸ್ ಮೈದಾನದಲ್ಲಿ 1914ರ ನಂತರ ಕಪ್ ಫೈನಲ್ ನಡೆಯಲಿಲ್ಲ. ಗಡಿ ದಾಟಿ ಬರುತ್ತಿದ್ದ ಸ್ಕಾಟ್ಲೆಂಡಿನ ಆಟಗಾರರ ಹರಿವೂ ಬತ್ತಿದೆ. ಇಂದು ಇಂಗ್ಲೆಂಡಿನ ದೊಡ್ಡ ತಂಡವೊಂದರಲ್ಲಿ ಒಬ್ಬಿಬ್ಬರು ಸಿಕ್ಕರೆ ಹೆಚ್ಚು. ಒಂದೇ ತಂಡದಲ್ಲಿ ಎಂಟು ಜನ ಎಂದರೆ ಯಾರು ನಂಬುತ್ತಾರೆ? ಎಲ್ಲಿಂದಲಾದರೂ ಆಟಗಾರ ಬರಲಿ, ಅದು ಒಳ್ಳೆಯದೇ. ಆದರೆ ಒಂದು ಊರು ತನ್ನ ಹುಡುಗರ ಕಾಲಿಗೆ ಕಲಿಸಿದ್ದ ಆಟ ಇನ್ನೊಂದು ಊರಿನ ಮೈದಾನದಲ್ಲಿ ಗುರುತು ಸಿಗುವಂತೆ ಕಾಣುತ್ತಿದ್ದ ಕಾಲ ಮುಗಿಯಿತಲ್ಲ, ನನಗೆ ಆ ಸಂಕಟ.

ಬೆಲ್ಜಿಯಮ್ಮಿಗೆ ಹೋಗುವ ನಮ್ಮವರು ಈಪರ್ ಪಟ್ಟಣದ ಮೆನಿನ್ ಗೇಟ್ ಯುದ್ಧ ಸ್ಮಾರಕವನ್ನು ನೋಡುತ್ತಾರೆ, ಅದರ ಗೋಡೆಯ ಮೇಲೆ ಭಾರತದ ಸೈನಿಕರ ಹೆಸರುಗಳೂ ಇವೆ. ಅಲ್ಲಿಂದ ಈಶಾನ್ಯಕ್ಕೆ ಕೆಲವೇ ಕಿಲೋಮೀಟರ್ ದೂರದಲ್ಲಿ ಡೋಕಿ ಫಾರ್ಮ್ ಎಂಬ ಸೈನಿಕರ ಸ್ಮಶಾನವಿದೆ. ಸ್ಪಿಯರ್ಸ್ ಸಮಾಧಿ ಇರುವುದು ಅಲ್ಲಿ. ಬಿಡುವಿದ್ದರೆ ಅಲ್ಲಿಗೂ ಹೋಗಿ ಬನ್ನಿ.