ಬ್ಯಾಟರಿ ಬದಲಿಸುವ ಮುನ್ನ

ಇಂದು ಅನೇಕ ಕುಟುಂಬಗಳಲ್ಲಿ ಕಾರು ಆಡಂಬರದ ವಸ್ತುವಾಗಿ ಉಳಿದಿಲ್ಲ. ವಯಸ್ಸಾದ ಹಿರಿಯರನ್ನು ಆಸ್ಪತ್ರೆಗೆ ಕರೆದೊಯ್ಯಲು, ಹೊಲಮನೆಗಳಿಗೆ ಹೋಗಿಬರಲು, ಬೀಗರ ಊರಿನ ಶುಭಾಶುಭ ಕಾರ್ಯಗಳಿಗೆ ಸಕಾಲದಲ್ಲಿ ತಲುಪಲು ಅದು ಆಸರೆಯಾಗಿದೆ. ಆದರೆ ಇಂಥ ಮನೆಗಳ ಕಾರು ದಿನವೂ ಓಡುವುದಿಲ್ಲ. ವಾರದಲ್ಲಿ ಒಂದೆರಡು ದಿನ ಓಡಿ ಉಳಿದ ದಿನಗಳಲ್ಲಿ ಅಂಗಳದಲ್ಲಿ ನಿಂತಿರುತ್ತದೆ. ಹೀಗೆ ನಿಂತ ಕಾರು ಬೇಕಾದ ಹೊತ್ತಿಗೆ ಮೌನ ತಾಳಿದರೆ ಆಗುವ ಪೇಚಾಟವನ್ನು ಬಲ್ಲವರೇ ಬಲ್ಲರು. ಕೀಲಿ ತಿರುಗಿಸಿದಾಗ ‘ಟಕ್ ಟಕ್’ ಎಂಬ ಸದ್ದು ಮಾತ್ರ ಕೇಳಿ ಸೆಲ್ಫ್ ಹಿಡಿಯದಿದ್ದರೆ, ‘ಬ್ಯಾಟರಿ ಡೌನ್ ಆಗಿದೆ, ಹೊಸದು ಹಾಕಿಸಿರಿ’ ಎಂಬ ಸಲಹೆ ನಾಲ್ಕು ದಿಕ್ಕಿನಿಂದಲೂ ಬರುತ್ತದೆ. ಹೊಸದು ಹಾಕಿದ ಮೇಲೂ ಅದೇ ಗತಿಯಾದರೆ ಏನು ಮಾಡಬೇಕು? ಈ ವಿಷಯವನ್ನೇ ಇಲ್ಲಿ ಓದುಗ ಬಂಧುಗಳೊಡನೆ ಹಂಚಿಕೊಳ್ಳಬಯಸುತ್ತೇವೆ.

ಕಾರಿನ ಬ್ಯಾಟರಿಯ ಮೂಲ ತತ್ತ್ವ ಬಹಳ ಹಳೆಯದು. ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ 1859ರಲ್ಲಿ ಸೀಸ ಮತ್ತು ಗಂಧಕಾಮ್ಲವನ್ನು ಬಳಸಿ, ಮರಳಿ ಮರಳಿ ತುಂಬಬಹುದಾದ ವಿದ್ಯುತ್ಕೋಶವನ್ನು ರಚಿಸಿದನು. ಮೊದಲಿನ ಕಾರುಗಳ ಎಂಜಿನ್ನನ್ನು ಮುಂಭಾಗದಲ್ಲಿ ಹ್ಯಾಂಡಲ್ ತೊಡಿಸಿ ಕೈಯಿಂದ ತಿರುವಬೇಕಾಗಿತ್ತು. 1912ರಲ್ಲಿ ಅಮೆರಿಕದ ಕ್ಯಾಡಿಲಾಕ್ ಕಾರುಗಳಿಗೆ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ವಿದ್ಯುತ್ ಸ್ಟಾರ್ಟರ್ ಬಂದ ಬಳಿಕ ಆ ಶ್ರಮ ತಪ್ಪುತ್ತ ಬಂದಿತು. ಭಾರವೆಲ್ಲ ಬ್ಯಾಟರಿಯ ಮೇಲೆ ಬಿದ್ದಿತು. ಇಂದಿನ ಬ್ಯಾಟರಿಯೊಳಗೆ ಆರು ಕೋಶಗಳಿರುತ್ತವೆ. ಒಂದೊಂದರಿಂದ ಸುಮಾರು 2.1 ವೋಲ್ಟ್‌ನಂತೆ, ಪೂರ್ಣ ತುಂಬಿದಾಗ ಒಟ್ಟು 12.6 ವೋಲ್ಟ್ ದೊರೆಯುತ್ತದೆ. ಎಂಜಿನ್ ಚಾಲೂ ಆಗುವ ಕ್ಷಣದಲ್ಲಿ ಸ್ಟಾರ್ಟರ್ ನೂರು ಆಂಪಿಯರಿಗೂ ಮೀರಿದ ಪ್ರವಾಹವನ್ನು ಸೆಳೆಯುತ್ತದೆ. ಅನಂತರ, ನಮ್ಮ ಕಡೆಯ ಮಿಸ್ತ್ರಿಗಳು ಡೈನಮೋ ಎಂದು ಕರೆಯುವ ಆಲ್ಟರ್ನೇಟರ್, ವ್ಯಯವಾದುದನ್ನು ಮೆಲ್ಲಗೆ ತುಂಬಿಕೊಡುತ್ತದೆ. ಆದಾಯಕ್ಕಿಂತ ವೆಚ್ಚ ಹೆಚ್ಚಾದರೆ ಯಾವ ಗೃಹಸ್ಥನ ಗಂಟೂ ಕರಗುವಂತೆ ಬ್ಯಾಟರಿಯೂ ಬರಿದಾಗುತ್ತದೆ.

ನಮ್ಮ ಮನೆಯಲ್ಲಿ ತಂದೆಯವರಿಗೆ ವಾರಕ್ಕೆ ಎರಡು ಸಲ, ಮಂಗಳವಾರ ಮತ್ತು ಶುಕ್ರವಾರ ಬೆಳಿಗ್ಗೆ, ಡಯಾಲಿಸಿಸ್ ಆಗಬೇಕಾಗಿತ್ತು. ಧಾರವಾಡದ ನಮ್ಮ ಓಣಿಯಿಂದ ಆಸ್ಪತ್ರೆಗೆ ಅವರನ್ನೂ ಅವರ ಗಾಲಿಕುರ್ಚಿಯನ್ನೂ ಒಯ್ಯಲು ನಮ್ಮ ಹಳೆಯ ಕಾರೇ ಗತಿ. ಒಂದು ಶುಕ್ರವಾರ ನಸುಕಿನಲ್ಲಿ ಕಾರು ಏಳಲಿಲ್ಲ. ಅಂಗಡಿಯವರು ಬ್ಯಾಟರಿಗೆ ಮುಪ್ಪು ಬಂದಿದೆಯೆಂದು ಹೇಳಿ ಹೊಸದನ್ನು ಹಾಕಿಕೊಟ್ಟರು. ಮೂರು ವಾರ ಕಳೆಯುವಷ್ಟರಲ್ಲಿ ಹೊಸದೂ ಬರಿದಾಯಿತು. ಅಂಗಡಿಯಲ್ಲಿ ಚಾರ್ಜ್ ಮಾಡಿ ಕೊಟ್ಟರು. ಹದಿನೈದು ದಿನಗಳಲ್ಲಿ ಮತ್ತದೇ ಕಥೆ. ಆ ದಿನ ಆಟೋ ದೊರಕಿಸಿಕೊಂಡು ಹೋಗುವಷ್ಟರಲ್ಲಿ ತಂದೆಯವರ ಸರದಿ ತಪ್ಪಿ, ಮಧ್ಯಾಹ್ನದವರೆಗೆ ಊದಿದ ಕಾಲುಗಳನ್ನು ಇಳಿಬಿಟ್ಟುಕೊಂಡು ಅವರು ಕಾಯಬೇಕಾಯಿತು. ಮನೆಗೆ ಬಂದ ಮೇಲೆ ಅವರು, “ಮುಂದಿನ ಸರ್ತಿ ಬ್ಯಾಡ ಬಿಡ್ರೆಪಾ, ನನ್ನ ಸಲುವಾಗಿ ನಿಮಗೆಲ್ಲಾ ತ್ರಾಸು” ಎಂದರು. ಕಾರು ಕೆಟ್ಟ ದುಃಖಕ್ಕಿಂತ ಈ ಮಾತಿನ ದುಃಖವೇ ನಮಗೆ ದೊಡ್ಡದಾಯಿತು. ಚಿಕಿತ್ಸೆ ತಪ್ಪಿಸುವಂತಿಲ್ಲ, ಇನ್ನೊಂದು ಬ್ಯಾಟರಿ ಕೊಳ್ಳುವುದೂ ಪರಿಹಾರವಲ್ಲ. ರೋಗದ ಮೂಲವನ್ನೇ ಕಾಣಬೇಕೆಂದು ನಿಶ್ಚಯಿಸಿ, ವಾಹನಗಳ ವೈರಿಂಗ್ ಕೆಲಸದಲ್ಲಿ ಪಳಗಿದ ಒಬ್ಬ ಹಿರಿಯ ಮಿಸ್ತ್ರಿಯವರನ್ನು ಮನೆಗೇ ಕರೆಸಿದೆವು.

ಅವರು ಮೊದಲು ಬ್ಯಾಟರಿಯನ್ನು ಕಾರಿನಿಂದ ಬೇರ್ಪಡಿಸಿ ಪೂರ್ಣ ಚಾರ್ಜ್ ಮಾಡಿಸಿದರು. ಒಂದು ರಾತ್ರಿ ಸುಮ್ಮನೆ ಇರಿಸಿ ಮರುದಿನ ಮಲ್ಟಿಮೀಟರಿನಿಂದ ಅಳೆದಾಗ 12.6 ವೋಲ್ಟ್ ಇದ್ದಿತು. ಅಂದರೆ ಬ್ಯಾಟರಿ ತಾನಾಗಿ ಇಳಿಯುತ್ತಿರಲಿಲ್ಲ. ಅದನ್ನು ಮತ್ತೆ ಜೋಡಿಸಿ ಎಂಜಿನ್ ಚಾಲೂ ಮಾಡಿದಾಗ ಟರ್ಮಿನಲ್‌ಗಳ ನಡುವೆ 14.1 ವೋಲ್ಟ್ ಕಂಡಿತು. ಈ ಅಂಕೆ ಸುಮಾರು 13.8ರಿಂದ 14.5ರೊಳಗೆ ಇದ್ದರೆ ಡೈನಮೋ ತುಂಬುವ ಕೆಲಸವನ್ನು ಸರಿಯಾಗಿ ಮಾಡುತ್ತಿದೆಯೆಂದು ತಿಳಿಯಬೇಕು. “ಬ್ಯಾಟರಿದೂ ತಪ್ಪಿಲ್ರಿ, ಡೈನಮೋದೂ ತಪ್ಪಿಲ್ರಿ. ಗಾಡಿ ನಿಂತಾಗ ಯಾವುದೋ ಒಂದು ಕಳ್ಳತನದಾಗ ಕರೆಂಟು ಕುಡೀಲಿಕ್ಕೆ ಹತ್ತೈತ್ರಿ” ಎಂದರು ಮಿಸ್ತ್ರಿಯವರು.

ಆ ಕಳ್ಳನನ್ನು ಹಿಡಿದ ಕ್ರಮ ಎಲ್ಲರೂ ತಿಳಿಯತಕ್ಕದ್ದಾಗಿದೆ. ಗಾಲಿಕುರ್ಚಿಯನ್ನು ಎಂದಿನಂತೆ ಡಿಕ್ಕಿಯಲ್ಲಿಟ್ಟು ಮುಚ್ಚಿಸಿ, ಎಂಜಿನ್ ನಿಲ್ಲಿಸಿ, ಕೀಲಿ ತೆಗೆದರು. ಬ್ಯಾಟರಿಯ ಋಣ ತಂತಿಯನ್ನು ಬಿಚ್ಚಿ, ಆ ತಂತಿಗೂ ಟರ್ಮಿನಲ್ಲಿಗೂ ನಡುವೆ ಮೀಟರನ್ನು ಆಂಪಿಯರ್ ಅಳೆಯುವಂತೆ ಸೇರಿಸಿದರು. ಬಾಗಿಲು ತೆರೆದಿದ್ದರೂ ಅದರ ಚಿಲಕವನ್ನು ಸ್ಕ್ರೂಡ್ರೈವರಿನಿಂದ ಒತ್ತಿ, ಮುಚ್ಚಿದೆಯೆಂದು ಕಾರು ಭಾವಿಸುವಂತೆ ಮಾಡಿದರು. ಕಾರಿನ ಕಂಪ್ಯೂಟರುಗಳು ನಿದ್ರೆಗೆ ಜಾರಲೆಂದು ಅರ್ಧ ಗಂಟೆಗೂ ಮೇಲ್ಪಟ್ಟು ಕಾಯ್ದರು. ನಿಂತ ಕಾರು ಗಡಿಯಾರ, ಅಲಾರಂ ಮುಂತಾದವುಗಳಿಗಾಗಿ 0.05 ಆಂಪಿಯರಿನವರೆಗೆ ಬಳಸುವುದು ಸಹಜ. ನಮ್ಮ ಕಾರು 0.42 ಆಂಪಿಯರ್ ಬಳಸುತ್ತಿತ್ತು. ಫ್ಯೂಸ್‌ಗಳನ್ನು ಒಂದೊಂದಾಗಿ ಕಿತ್ತು ನೋಡುತ್ತ ಹೋದಂತೆ, ಒಳಗಿನ ದೀಪಗಳ ಫ್ಯೂಸ್ ತೆಗೆದೊಡನೆ ಅಂಕೆ 0.02ಕ್ಕೆ ಇಳಿಯಿತು. ಮುಂದಿನ ದೀಪ ಆರಿತ್ತು. ಉಳಿದದ್ದು ಡಿಕ್ಕಿಯ ದೀಪವೊಂದೇ. ಫ್ಯೂಸನ್ನು ಮರಳಿ ಹಾಕಿ, ಮೊಬೈಲ್ ಫೋನಿನಲ್ಲಿ ವಿಡಿಯೊ ಚಾಲೂ ಮಾಡಿ, ಅದನ್ನು ಡಿಕ್ಕಿಯೊಳಗಿಟ್ಟು ಮುಚ್ಚಿದರು. ತೆಗೆದು ನೋಡಿದರೆ, ಮುಚ್ಚಿದ ಡಿಕ್ಕಿಯೊಳಗೆ ಪುಟ್ಟ ದೀಪ ಹಗಲಿನಂತೆ ಉರಿಯುತ್ತಿತ್ತು! ಅದರ ಸ್ವಿಚ್ಚಿನ ರಬ್ಬರು ಸವೆದಿದ್ದುದರಿಂದ, ಮುಚ್ಚಳ ಕೂತ ಬಗೆಯನ್ನು ಅನುಸರಿಸಿ ಒಮ್ಮೊಮ್ಮೆ ಆರುತ್ತಿತ್ತು, ಒಮ್ಮೊಮ್ಮೆ ಆರುತ್ತಿರಲಿಲ್ಲ.

ಐದು ವ್ಯಾಟಿನ ಒಂದು ದೀಪ ಬ್ಯಾಟರಿಯನ್ನು ಬರಿದು ಮಾಡೀತೆ ಎಂದು ಕೇಳಬಹುದು. ಅದು ಸುಮಾರು 0.4 ಆಂಪಿಯರ್ ಸೆಳೆಯುತ್ತದೆ. ಮಂಗಳವಾರದಿಂದ ಶುಕ್ರವಾರದವರೆಗಿನ 72 ಗಂಟೆಗಳಲ್ಲಿ ಸುಮಾರು 29 ಆಂಪಿಯರ್-ಗಂಟೆಯಾಯಿತು. ನಮ್ಮ ಬ್ಯಾಟರಿಯ ಒಟ್ಟು ಸಾಮರ್ಥ್ಯವೇ 35. ಲೆಕ್ಕ ಕಣ್ಣೆದುರಿಗೇ ಇತ್ತು. ಕೆಲವೇ ರೂಪಾಯಿಗಳ ಸ್ವಿಚ್ಚನ್ನು ಬದಲಿಸಿದ ಮೇಲೆ ಆ ತೊಂದರೆ ಮರುಕಳಿಸಲಿಲ್ಲ. ತಂದೆಯವರೂ ‘ಬ್ಯಾಡ’ ಎಂಬ ಮಾತನ್ನು ಮತ್ತೆ ಆಡಲಿಲ್ಲ.

ಎಲ್ಲ ಕಾರುಗಳಲ್ಲಿಯೂ ಡಿಕ್ಕಿಯ ದೀಪವೇ ಅಪರಾಧಿಯಾಗಬೇಕೆಂದಿಲ್ಲ. ಹೊರಗೆ ಹಾಕಿಸಿದ ಸಂಗೀತ ಪೆಟ್ಟಿಗೆ, ಅಲಾರಂ, ಕ್ಯಾಮೆರಾಗಳು ಹೀಗೆ ಮಾಡುವುದುಂಟು. ಡೈನಮೋದೊಳಗಿನ ಡಯೋಡ್ ಕೆಟ್ಟರೆ ಪ್ರವಾಹ ಹಿಂದಕ್ಕೆ ಹರಿಯುತ್ತದೆ. ಬೆಲ್ಟ್ ಸಡಿಲವಾದರೆ, ಟರ್ಮಿನಲ್‌ಗಳಿಗೆ ಬಿಳಿಯ ಪುಡಿ ಕಟ್ಟಿದರೆ ಚಾರ್ಜ್ ಸರಿಯಾಗಿ ಸೇರುವುದಿಲ್ಲ. ದಿನವೂ ಒಂದೆರಡು ಕಿಲೊಮೀಟರು ಮಾತ್ರ ಓಡಿಸಿದರೂ ಸ್ಟಾರ್ಟಿಗೆ ವ್ಯಯವಾದುದು ತುಂಬುವುದಿಲ್ಲ. ಕಲಬುರಗಿ, ರಾಯಚೂರುಗಳಂಥ ಬಿಸಿಲ ಸೀಮೆಯಲ್ಲಿ ಶಾಖದಿಂದಲೇ ಬ್ಯಾಟರಿಯ ಆಯುಸ್ಸು ಕುಗ್ಗುತ್ತದೆ. ಬರಿದಾದ ಬ್ಯಾಟರಿಯನ್ನು ಹಾಗೆಯೇ ದಿನಗಟ್ಟಲೆ ಬಿಟ್ಟರೆ ಸೀಸದ ಫಲಕಗಳ ಮೇಲೆ ಸಲ್ಫೇಟಿನ ಹರಳು ಗಟ್ಟಿಯಾಗಿ, ಮತ್ತೆ ಪೂರ್ತಿ ತುಂಬುವುದೇ ಇಲ್ಲ. ಆದುದರಿಂದ ಕಳ್ಳನನ್ನು ಹಿಡಿಯುವಲ್ಲಿ ವಿಳಂಬ ಸಲ್ಲದು.

ಗೃಹಸ್ಥರು ಮನೆಯಲ್ಲೇ ಮಾಡಬಹುದಾದ ಪರೀಕ್ಷೆಯೂ ಇದೆ. ಕಾರು ರಾತ್ರಿಯೆಲ್ಲ ನಿಂತ ಬಳಿಕ ಬೆಳಿಗ್ಗೆ ಸಾಧಾರಣ ಮಲ್ಟಿಮೀಟರಿನಿಂದ ಅಳೆದಾಗ 12.6 ಇದ್ದರೆ ಪೂರ್ಣ; 12.4 ಇದ್ದರೆ ಮುಕ್ಕಾಲು, 12.2 ಇದ್ದರೆ ಅರ್ಧ. 12ಕ್ಕಿಂತ ಕೆಳಗಿಳಿದಿದ್ದರೆ ಬಹುತೇಕ ಬರಿದು. ವೋಲ್ಟ್ ಅಳೆಯುವುದು ಸುಲಭ. ಆದರೆ ಆಂಪಿಯರ್ ಅಳೆಯುವ ಮೀಟರನ್ನು ಸೇರಿಸಿರುವಾಗ ಯಾವ ಕಾರಣಕ್ಕೂ ಕಾರನ್ನು ಸ್ಟಾರ್ಟ್ ಮಾಡಬಾರದು. ಅದನ್ನು ಬಲ್ಲವರಿಂದ ಮಾಡಿಸುವುದೇ ಲೇಸು.

ಎಚ್ಚರಿಕೆಯ ಮಾತುಗಳನ್ನೂ ಹೇಳಬೇಕು. ಚಾರ್ಜ್ ಆಗುವ ಬ್ಯಾಟರಿಯಿಂದ ಹೊರಡುವ ಜಲಜನಕ ಅನಿಲಕ್ಕೆ ಒಂದು ಕಿಡಿ ಸಾಕು. ಸಮೀಪದಲ್ಲಿ ಬೀಡಿ, ಬೆಂಕಿಕಡ್ಡಿ ಕೂಡದು. ಒಳಗಿನ ಆಮ್ಲ ಕಣ್ಣಿಗೆ ಸಿಡಿದರೆ ಕೂಡಲೇ ಧಾರಾಳ ನೀರಿನಿಂದ ತೊಳೆದು ವೈದ್ಯರ ಬಳಿಗೆ ಹೋಗತಕ್ಕದ್ದು. ತಂತಿ ಬಿಚ್ಚುವಾಗ ಋಣ ತುದಿ ಮೊದಲು, ಜೋಡಿಸುವಾಗ ಅದು ಕೊನೆಗೆ. ಬೇರೆ ಕಾರಿನಿಂದ ಆಸರೆ ಪಡೆಯುವಾಗ ಕೆಂಪು ತಂತಿಯನ್ನು ಮೊದಲು ಬರಿದಾದ ಬ್ಯಾಟರಿಯ ಧನ ತುದಿಗೆ, ಬಳಿಕ ತುಂಬಿದ ಬ್ಯಾಟರಿಯ ಧನ ತುದಿಗೆ ಜೋಡಿಸಬೇಕು. ಕಪ್ಪು ತಂತಿಯನ್ನು ತುಂಬಿದ ಬ್ಯಾಟರಿಯ ಋಣ ತುದಿಗೆ ಸಿಕ್ಕಿಸಿ, ಅದರ ಇನ್ನೊಂದು ತುದಿಯನ್ನು ಕೆಟ್ಟು ನಿಂತ ಕಾರಿನ ಎಂಜಿನ್ನಿನ ಬಣ್ಣವಿಲ್ಲದ ಲೋಹಕ್ಕೆ, ಬ್ಯಾಟರಿಯಿಂದ ದೂರವಾಗಿ, ಹಿಡಿಸಬೇಕು.

ನಿಜವಾಗಿಯೂ ಬ್ಯಾಟರಿಯ ಆಯುಸ್ಸು ಮುಗಿದಿದ್ದರೆ ಬದಲಿಸಲೇಬೇಕು. ಹಳೆಯದನ್ನು ಹೊಸದು ಕೊಡುವ ಅಂಗಡಿಗೇ ಮರಳಿಸಿದರೆ ಬೆಲೆಯಲ್ಲಿ ರಿಯಾಯಿತಿಯೂ ದೊರೆಯುತ್ತದೆ, ಸೀಸ ಮಣ್ಣು ನೀರುಗಳಿಗೆ ಸೇರಿ ಮಕ್ಕಳ ಮೈಗೆ ವಿಷವಾಗುವುದೂ ತಪ್ಪುತ್ತದೆ. ಆದರೆ ಹೊಸದಕ್ಕೆ ಹಣ ಎಣಿಸುವ ಮುನ್ನ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳೋಣ: ಬ್ಯಾಟರಿ ಹಿಡಿದಿಡುತ್ತಿದೆಯೆ? ಡೈನಮೋ ತುಂಬುತ್ತಿದೆಯೆ? ಕಾರು ನಿಂತಾಗ ಏನಾದರೂ ಸೋರುತ್ತಿದೆಯೆ? ಈ ಮೂರಕ್ಕೂ ಮೀಟರಿನಿಂದಲೇ ಉತ್ತರ ಪಡೆದು, ಆ ಅಂಕೆಗಳನ್ನು ಗೋಡೆಯ ಕ್ಯಾಲೆಂಡರಿನ ಮೇಲೆ ದಿನಾಂಕದೊಡನೆ ಬರೆದಿಡುವುದು ಪ್ರತಿ ಮನೆಯಲ್ಲಿಯೂ ರೂಢಿಯಾಗಲಿ.