ಉಗ್ರಾಣದ ಬೀಗದ ಕೈ

ಇದು ಕಂಪ್ಯೂಟರ್ ಯುಗ. ಮಕ್ಕಳ ಮನೆಪಾಠದಿಂದ ಹಿಡಿದು ಇಕಾಮಾ ನವೀಕರಣದವರೆಗೆ ಎಲ್ಲವೂ ಅದರ ಮೂಲಕವೇ ನಡೆಯುತ್ತದೆ. ನಾನು ಭಾಷೆ ಕಲಿಸುವವಳು. ಕಂಪ್ಯೂಟರ್ ನನ್ನ ವಿಷಯವಲ್ಲ. ಆದರೂ ನಮಗೆ ಅನ್ನ ಕೊಟ್ಟಿರುವ ಈ ನಾಡಿನಲ್ಲೇ ನಡೆದ ಒಂದು ಘಟನೆಯನ್ನು ಓದಿದ ಮೇಲೆ, ಸಹೋದ್ಯೋಗಿಗಳಾದ ಕಂಪ್ಯೂಟರ್ ಶಿಕ್ಷಕರನ್ನು ಕೇಳಿ ಕೇಳಿ ಒಂದಿಷ್ಟು ತಿಳಿದುಕೊಂಡೆ. ಅದನ್ನು ನಿಮ್ಮೊಡನೆ ಹಂಚಿಕೊಳ್ಳುತ್ತಿದ್ದೇನೆ.

ನಮ್ಮೂರ ಮದುವೆ ಮನೆಗಳಲ್ಲಿ ಉಗ್ರಾಣದ ಬೀಗದ ಕೈ ಒಬ್ಬ ಹಿರಿಯರ ಬಳಿ ಇರುತ್ತದೆ. ಅಡಿಗೆಯವರು ಒಳಗೆ ಹೋಗುವಂತಿಲ್ಲ. "ಎರಡು ಸೇರು ತೊಗರಿಬೇಳೆ ಬೇಕು" ಎಂದು ಕೇಳಬೇಕು. ಹಿರಿಯರು ಅಳೆದು ತಂದು ಕೊಡುತ್ತಾರೆ. ಕಂಪ್ಯೂಟರಿನಲ್ಲೂ ಹಾಗೆಯೇ. ನಾವು ಬಳಸುವ ಆಟ, ಬ್ರೌಸರ್‌ಗಳೆಲ್ಲ ಅಡಿಗೆಯವರು; ಆಪರೇಟಿಂಗ್ ಸಿಸ್ಟಂ ಉಗ್ರಾಣದ ಹಿರಿಯ. ಮೆಮೊರಿಯ ಯಾವ ಭಾಗವನ್ನು ಯಾರು ಮುಟ್ಟಬಹುದೆಂದು ಅದು ಗುರುತು ಹಾಕಿಡುತ್ತದೆ. ಪ್ರೊಸೆಸರ್ ಬಾಗಿಲಲ್ಲಿ ನಿಂತು ಆ ಗುರುತು ನೋಡುತ್ತದೆ. ಕಾಯ್ದಿಟ್ಟ ಭಾಗವನ್ನು ಓದಬೇಕಾದ ಪ್ರೋಗ್ರಾಂ ಆಪರೇಟಿಂಗ್ ಸಿಸ್ಟಂ ಅನ್ನು ಕೇಳಬೇಕು. ಅದು ಅರ್ಹತೆ ನೋಡಿ, ಬೇಕಾದಷ್ಟನ್ನೇ ನಕಲು ಮಾಡಿ ಕೊಡುತ್ತದೆ. ಡಿಸ್ಕ್‌ಗೂ ಇಂಥದೇ ಕಟ್ಟುಪಾಡು. ಯಂತ್ರದ ಭಾಗಗಳೊಡನೆ ನೇರವಾಗಿ ವ್ಯವಹರಿಸುವ ಡ್ರೈವರ್‌ಗಳು ಮಾತ್ರ ಉಗ್ರಾಣದೊಳಗೇ ಓಡಾಡುವ ನಂಬಿಕೆಯ ಆಳುಗಳು.

2012ರ ಆಗಸ್ಟ್ 15. ನಮಗೆ ಸ್ವಾತಂತ್ರ್ಯ ದಿನ. ಇಲ್ಲಿ ರಂಜಾನ್ ತಿಂಗಳ ಕೊನೆಯ ದಿನಗಳು. ಅಂದು ಧಹ್ರಾನ್‌ನಲ್ಲಿ ಮುಖ್ಯ ಕಚೇರಿಯುಳ್ಳ ಸೌದಿ ಅರಾಮ್ಕೋದ ಸುಮಾರು 30,000 ಕಂಪ್ಯೂಟರ್‌ಗಳು 'ಶಮೂನ್' ಎಂಬ ವೈರಸ್‌ಗೆ ತುತ್ತಾದವು. ಅದು ಕಡತಗಳನ್ನೂ, ಕಂಪ್ಯೂಟರ್ ಆರಂಭವಾಗಲು ಬೇಕಾದ ಡಿಸ್ಕಿನ ಮೊದಲ ಭಾಗವನ್ನೂ ಹಾಳುಮಾಡಿತು. ಶಮೂನ್ ಬೀಗ ಒಡೆಯಲಿಲ್ಲ. ಮಾರುಕಟ್ಟೆಯಲ್ಲಿ ಸಿಗುತ್ತಿದ್ದ, ಡಿಜಿಟಲ್ ಸಹಿಯುಳ್ಳ 'ರಾಡಿಸ್ಕ್' ಎಂಬ ಸಾಚಾ ಡ್ರೈವರನ್ನೇ ಜೊತೆಗೆ ತಂದು, ಅದರ ಕೈಯಿಂದ ಆ ಕೆಲಸ ಮಾಡಿಸಿತು. ಬೇಲಿಯೇ ಎದ್ದು ಹೊಲ ಮೇಯ್ದಂತಾಯಿತು! 2016ರ ನವೆಂಬರ್‌ನಲ್ಲಿ ಶಮೂನ್ ಸೌದಿ ಸಂಸ್ಥೆಗಳ ಮೇಲೆ ಮತ್ತೆ ಎರಗಿತು. ಅಷ್ಟರಲ್ಲಿ ಆ ಡ್ರೈವರಿನ ಪ್ರಾಯೋಗಿಕ ಪರವಾನಗಿಯ ಅವಧಿ ಮುಗಿದಿತ್ತು. ಅದಕ್ಕೆ ಅದು ಕಂಪ್ಯೂಟರಿನ ದಿನಾಂಕವನ್ನೇ 2012ರ ಆಗಸ್ಟ್‌ಗೆ ಹಿಂದಕ್ಕೆ ತಿರುಗಿಸಿತು.

2012ರಲ್ಲಿ ತೈಲ ಉತ್ಪಾದನೆ ನಿಲ್ಲಲಿಲ್ಲ, ಏಕೆಂದರೆ ಅದರ ಜಾಲ ಪ್ರತ್ಯೇಕವಾಗಿತ್ತು. ಎಲ್ಲ ಕೋಣೆಗಳಿಗೂ ಒಂದೇ ಬೀಗದ ಕೈ ಇರಬಾರದೆಂಬುದಕ್ಕೆ ಇದೇ ಸಾಕ್ಷಿ.

ಅಳಿಸುವುದಿರಲಿ, ಬರೀ ಓದುವುದರಲ್ಲೂ ಅಪಾಯವಿದೆ. 2018ರ ಜನವರಿಯಲ್ಲಿ 'ಮೆಲ್ಟ್‌ಡೌನ್' ಎಂಬ ದೋಷ ಬಯಲಾಯಿತು. ಹಲವು ಪ್ರೊಸೆಸರ್‌ಗಳು ವೇಗದ ಆಸೆಗೆ, ಅಪ್ಪಣೆಯ ಪರೀಕ್ಷೆ ಮುಗಿಯುವ ಮೊದಲೇ ಕಾಯ್ದಿಟ್ಟ ಮೆಮೊರಿಯಿಂದ ಮಾಹಿತಿ ಎತ್ತಿಕೊಳ್ಳುತ್ತಿದ್ದವು. ಅಪ್ಪಣೆ ಇಲ್ಲವೆಂದು ತಿಳಿದೊಡನೆ ಬಿಟ್ಟುಬಿಡುತ್ತಿದ್ದವು, ನಿಜ. ಆದರೆ ಏಲಕ್ಕಿಯನ್ನು ಡಬ್ಬಿಗೆ ಹಾಕಿದರೂ ಕೈಯಲ್ಲಿ ವಾಸನೆ ಉಳಿಯುವುದಿಲ್ಲವೇ? ಹಾಗೆ ಉಳಿದ ಸುಳಿವಿನಿಂದಲೇ ಗುಟ್ಟನ್ನು ತಿಳಿಯಬಹುದಿತ್ತು. ಆಪರೇಟಿಂಗ್ ಸಿಸ್ಟಂಗಳು ತಮ್ಮ ಮೆಮೊರಿಯನ್ನು ಪ್ರೋಗ್ರಾಂಗಳ ಕಣ್ಣಿಗೇ ಬೀಳದಂತೆ ಬೇರ್ಪಡಿಸಿ ಇದನ್ನು ಸರಿಪಡಿಸಿದವು.

ಪ್ರಿಯ ವಿದ್ಯಾರ್ಥಿಗಳೇ, ಪುಕ್ಕಟೆ ಆಟವೊಂದನ್ನು ಹಾಕಿಕೊಳ್ಳುವಾಗ "ಬದಲಾವಣೆ ಮಾಡಲು ಇದಕ್ಕೆ ಅನುಮತಿ ಕೊಡಲೇ?" ಎಂದು ಪರದೆ ಕೇಳುತ್ತದೆ. ಅದೇ ಕಂಪ್ಯೂಟರಿನಲ್ಲಿ ನಿಮ್ಮ ತಂದೆಯವರ ಪಾಸ್‌ಪೋರ್ಟಿನ ಪ್ರತಿ, ಊರಲ್ಲಿರುವ ಅಜ್ಜಿಯ ಫೋಟೊ, ನಿಮ್ಮ ಪ್ರಾಜೆಕ್ಟ್ ಎಲ್ಲವೂ ಇರುತ್ತವೆ. ಉಗ್ರಾಣದ ಹಿರಿಯರು ಬೀಗದ ಕೈ ಹಿಡಿದುಕೊಂಡು ನಿಮ್ಮನ್ನೇ ಕೇಳುತ್ತಿದ್ದಾರೆ. 'ಹೌದು' ಎನ್ನುವ ಮುನ್ನ, ಬಂದವರು ಯಾರು, ಅವರಿಗೆ ಬೇಕಾದದ್ದು ಏನು ಎಂದು ಒಮ್ಮೆ ಓದಿ ನೋಡಿ. ಅರ್ಥವಾಗದಿದ್ದರೆ ಮನೆಯ ಹಿರಿಯರನ್ನು ಕರೆಯಿರಿ. ಪೋಷಕರೇ, ಅವರು ಕರೆದಾಗ ದಯವಿಟ್ಟು ಎದ್ದು ಹೋಗಿ.